ರೇಟ್ ಎಷ್ಟುಂಟು?

ದುಬೈಯ ನಮ್ಮ ರೂಮಿನಲ್ಲಿ ಬಂಟ್ವಾಳದ ನಾನು, ಮೂಡುಬಿದಿರೆಯ ಶೆಟ್ರು, ಬೆಳ್ತಂಗಡಿ ಕಡೆಯ ಒಬ್ಬ ಬ್ಯಾರಿ ಗೆಳೆಯ. ದೇಶಪ್ರೇಮದಲ್ಲಿ ಯಾರೂ ಯಾರಿಗೂ ಕಡಿಮೆಯವರಲ್ಲ. ಕ್ರಿಕೆಟಿನಲ್ಲಿ ಭಾರತ ಸೋತ ರಾತ್ರಿ ಅನ್ನ ಸೇರುತ್ತಿರಲಿಲ್ಲ. ಬುರ್ಜ್ ಖಲೀಫಾದ ಮೈಮೇಲೆ ತ್ರಿವರ್ಣದ ದೀಪ ಹತ್ತಿದಾಗ ಮೆಟ್ರೋ ಹಿಡಿದು ಹೋಗಿ, ಕುತ್ತಿಗೆ ನೋಯುವಷ್ಟು ಹೊತ್ತು ನೋಡಿ ಬಂದದ್ದೂ ಉಂಟು. ಇಂಥ ನಾವು ರೂಪಾಯಿ ಬಿದ್ದ ದಿನ ಬಿರಿಯಾನಿ ತರಿಸುತ್ತಿದ್ದೆವು.

2013ರ ಆಗಸ್ಟ್ ಕೊನೆಯ ಮಾತು. ಸ್ವಾತಂತ್ರ್ಯೋತ್ಸವದ ಮಿಠಾಯಿ ತಿಂದು ಎರಡು ವಾರ ಕಳೆದಿರಲಿಲ್ಲ. ಡಾಲರಿಗೆ 68 ರೂಪಾಯಿ ದಾಟಿತು, ದಿರ್ಹಾಮಿಗೆ 18ರ ಮೇಲೆ ಹೋಯಿತು. ಟಿವಿಯಲ್ಲಿ ಅರ್ಥಶಾಸ್ತ್ರಜ್ಞರು ತಲೆ ಚಚ್ಚಿಕೊಳ್ಳುತ್ತಿದ್ದರೆ ದುಬೈಯಲ್ಲಿ ಎಕ್ಸ್‌ಚೇಂಜ್ ಮುಂದೆ ಊರಿಗೆ ಹಣ ಕಳಿಸುವವರ ಉದ್ದದ ಸಾಲು. "ಇನ್ನೊಂದು ರೂಪಾಯಿ ಬೀಳ್ಲಿ ಮಾರಾಯ್ರೇ, ಸ್ಲ್ಯಾಬ್ ಹಾಕಿಸ್ಬಹುದು" ಎಂದರು ಶೆಟ್ರು, ಕೈಮುಗಿದು. ಅವರು ಯಾವ ದೈವಕ್ಕೆ ಕೈ ಮುಗಿದರೋ, ಆ ದೈವದ ಗುಡಿಗೆ ಹೊಸ ಮಾಡು ಬಂದದ್ದೂ ಅದೇ ರೇಟಿನಲ್ಲಿ. ಗೋಡೆಯ ಅಮೃತಶಿಲೆಯಲ್ಲಿ ಅವರ ಹೆಸರಿನ ಮುಂದೆ 'ದುಬೈ' ಎಂದು ಕೆತ್ತಿಸಿದ್ದಾರೆ, ಬಿ.ಎ., ಎಲ್ಎಲ್‌ಬಿ. ಇರಬೇಕಾದ ಜಾಗದಲ್ಲಿ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜು ಫಿಲಿಪೀನ್ಸಿನ ಹೆಂಗಸಿನದು. ಅವರ ಜೂನ್ 12ರ ಸ್ವಾತಂತ್ರ್ಯ ದಿನಕ್ಕೆ ಪುಟ್ಟ ಬಾವುಟವೊಂದನ್ನು ಕಂಪ್ಯೂಟರಿಗೆ ಸಿಕ್ಕಿಸಿಟ್ಟು, ಊಟದ ಹೊತ್ತಿಗೆ ಪೆಸೊ ಎಷ್ಟು ಇಳಿಯಿತೆಂದು ಮೊಬೈಲ್ ತೆಗೆದು ನೋಡುವಳು. ಹೊರದೇಶದಲ್ಲಿ ದುಡಿಯುವ ತನ್ನ ಜನರನ್ನು ಅಲ್ಲಿಯ ಸರಕಾರ ಹೊಸ ಕಾಲದ ವೀರರು ಎಂದು ಹೊಗಳುತ್ತದೆ. ನಮಗೂ ಗಾಂಧೀಜಿ ಆಫ್ರಿಕಾದಿಂದ ಮರಳಿದ ಜನವರಿ 9ರಂದು ಪ್ರವಾಸಿ ಭಾರತೀಯ ದಿವಸ ಉಂಟು, 2003ರಿಂದ. ಆದರೆ ಅಲ್ಲಿ ಹಾರ ಬೀಳುವುದು ಹೆಚ್ಚಾಗಿ ಕೋಟುಬೂಟಿನವರ ಕೊರಳಿಗೆ. ಸ್ಕ್ಯಾಫೋಲ್ಡಿಂಗ್ ಹತ್ತುವವನ ಕೊರಳಿಗೆ ಬಿದ್ದದ್ದು ನಾನಂತೂ ಕಂಡಿಲ್ಲ.

ಈ ರೇಟಿನ ಹುಚ್ಚು ಇಲ್ಲದ ಕಾಲವೂ ಒಂದಿತ್ತು. ಪಾಣೆಮಂಗಳೂರಿನ ನಮ್ಮ ದೊಡ್ಡಮಾವ ಮುಂಬಯಿಯಲ್ಲಿ 'ದ್ವಾರಕಾ' ಹಡಗು ಹತ್ತಿ ದುಬೈಗೆ ಹೋದವರು. ಅವರ ಟ್ರಂಕಿನಲ್ಲಿ ಒಂದು ಹತ್ತು ರೂಪಾಯಿ ನೋಟಿತ್ತು, ಕೆಂಪು ಬಣ್ಣದ್ದು. ಒಂದು ಬದಿಗೆ ಅಶೋಕನ ಸಿಂಹ, ಇನ್ನೊಂದು ಬದಿಗೆ ಹಾಯಿ ಬಿಚ್ಚಿದ ದೋಣಿ. ನಂಬರಿನ ಮೊದಲಿಗೆ ಝಡ್. ನಮ್ಮ ರಿಸರ್ವ್ ಬ್ಯಾಂಕೇ ಅಚ್ಚು ಹಾಕಿದ ನೋಟು, ಆದರೆ ಭಾರತದಲ್ಲಿ ನಡೆಯುತ್ತಿರಲಿಲ್ಲ. ಕೊಲ್ಲಿ ರಾಜ್ಯಗಳಲ್ಲಿ ಆಗ ಭಾರತದ ರೂಪಾಯಿಯೇ ಚಲಾವಣೆ. ಅಲ್ಲಿಂದ ಚಿನ್ನ ಕಳ್ಳಸಾಗಣೆಯಲ್ಲಿ ಇಲ್ಲಿಗೆ ಬರುವುದು, ಅದಕ್ಕೆ ಕೊಟ್ಟ ರೂಪಾಯಿ ಅಲ್ಲಿಯ ಬ್ಯಾಂಕುಗಳ ಮೂಲಕ ವಾಪಸು ಬಂದು ನಮ್ಮ ಪೌಂಡುಗಳನ್ನು ಎಳೆದುಕೊಂಡು ಹೋಗುವುದು. ಅದನ್ನು ತಡೆಯಲು 1959ರಲ್ಲಿ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಮಾಡಿದರು. ಯೋಚಿಸಿ, ದುಬೈಯ ಅರಬ ಮೀನು ಕೊಳ್ಳುವಾಗ ಎಣಿಸಿದ್ದು ನಮ್ಮ ಸಿಂಹದ ನೋಟನ್ನು! ಬುರ್ಜ್ ಖಲೀಫಾದ ದೀಪವಾದರೂ ಕೆಲವು ನಿಮಿಷದ್ದು. ಇದು ದಿನಾ ಅವರ ಕಿಸೆಯಲ್ಲಿತ್ತು.

1966ರ ಜೂನ್ 6ರಂದು ಇಂದಿರಾ ಗಾಂಧಿ ಸರಕಾರ ರೂಪಾಯಿಯ ಬೆಲೆ ಇಳಿಸಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತು. ಕುವೈತ್, ಬಹ್ರೈನ್ ಮೊದಲೇ ಸ್ವಂತ ದಿನಾರ್ ಮಾಡಿಕೊಂಡಿದ್ದವು. ಈಗ ದುಬೈ, ಕತಾರ್ ಕೂಡ ಕೈ ಬಿಟ್ಟವು. "ರೂಪಾಯಿ ಬಿದ್ದಾಗ ನಮ್ಮ ಸಂಬಳವೂ ಅದರ ಜತೆಗೇ ಬಿತ್ತಲ್ಲಾ, ಹಾಗಾಗಿ ಹೊಟ್ಟೆ ಉರಿದದ್ದು ನಿಜ" ಎನ್ನುತ್ತಿದ್ದರು ಮಾವ. ದೇಶದ ಮಾನ, ಕಿಸೆಯ ಮಾನ ಎರಡೂ ಒಂದೇ ನೋಟಿನಲ್ಲಿದ್ದ ಪುಣ್ಯವಂತರು ಅವರು.

ನಾನೀಗ ಊರಿನಲ್ಲಿದ್ದೇನೆ. ಬ್ಯಾಂಕಿನಲ್ಲಿಟ್ಟದ್ದೆಲ್ಲ ರೂಪಾಯಿ. ಪೇಪರಿನಲ್ಲಿ 'ರೂಪಾಯಿ ಕುಸಿತ' ಎಂದು ಕಂಡರೆ ಬಿ.ಸಿ. ರೋಡಿನ ಹೋಟೆಲಿನಲ್ಲಿ ಕೂತು ಸರಕಾರಕ್ಕೆ ಬೈಯುತ್ತೇನೆ, ಅಂತಿಂಥ ಬೈಗಳಲ್ಲ. ಮೊನ್ನೆ ಹಾಗೆ ಜೋರಾಗಿ ಬೈಯುತ್ತಿರುವಾಗಲೇ ಶಾರ್ಜಾದಿಂದ ಮಗಳ ಫೋನ್ ಬಂತು.

"ಅಪ್ಪ, ರೇಟ್ ಒಳ್ಳೆದುಂಟು. ಇವತ್ತೇ ಕಳಿಸ್ಲಾ?"

"ಅವಸರ ಎಂತಕ್ಕೆ ಮಗಾ, ಎರಡು ದಿನ ತಡಿ" ಎಂದೆ, ಸ್ವರ ತಗ್ಗಿಸಿ. "ಇನ್ನೂ ಬೀಳ್ತದೆ."