ತಟ್ಟೆ ತೊಳೆಯಲೊಲ್ಲದ ಹುಡುಗಿಯ ಬೆಟ್ಟ

ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಯಾವುದು ಎಂದು ಮುಂಬಯಿಯ ಶಾಲಾಮಕ್ಕಳನ್ನು ಕೇಳಿದರೆ 'ಕಳಸೂಬಾಯಿ, 1646 ಮೀಟರ್' ಎಂಬ ಉತ್ತರ ಥಟ್ಟನೆ ಬರುತ್ತದೆ. ಈ ಕಳಸೂಬಾಯಿ ಯಾರು ಎಂದು ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಹೆಜ್ಜೆಗೊಂದು ಕೋಟೆಯಿರುವ ಈ ನಾಡಿನಲ್ಲಿ, ಎಲ್ಲಕ್ಕಿಂತ ಎತ್ತರದ ಬೆಟ್ಟಕ್ಕೆ ಇರುವುದು ರಾಜನ ಹೆಸರೋ ಸೇನಾಪತಿಯ ಹೆಸರೋ ಅಲ್ಲ; ಒಬ್ಬ ಮನೆಗೆಲಸದ ಹುಡುಗಿಯ ಹೆಸರು.

ನನ್ನ ಊರು ಕಾರ್ಕಳದ ಹತ್ತಿರ. ಎಂಸಿಎ ಮುಗಿಸಿ ಕೆಲಸ ಹುಡುಕಿಕೊಂಡು ಈ ಮಹಾನಗರಕ್ಕೆ ಬಂದು ಹದಿಮೂರು ವರ್ಷಗಳಾದವು. ಮನೆ ಠಾಣೆಯಲ್ಲಿ. ಹಗಲಿಡೀ ಕಂಪ್ಯೂಟರಿನ ಮುಂದೆ ಕೂತು ಬೆನ್ನು ಬಿಗಿದಾಗ ನನಗೆ ತಿಳಿದ ಮದ್ದು ಒಂದೇ: ಶನಿವಾರ ಬೆಳಗಿನ ಜಾವದ ಕಸಾರಾ ಲೋಕಲ್. ಪಶ್ಚಿಮ ಘಟ್ಟದ ಬುಡದಲ್ಲಿ ಬೆಳೆದವರಿಗೆ ಸಹ್ಯಾದ್ರಿ ಇಲ್ಲಿಯೂ ಸಿಗುತ್ತದೆ ಎಂಬುದೇ ದೊಡ್ಡ ಸಮಾಧಾನ. ಬೆಟ್ಟ ಅದೇ, ಭಾಷೆ ಮಾತ್ರ ಬೇರೆ.

ಆಸನಗಾಂವ್ ದಾಟಿದ ಮೇಲೆ ರೈಲು ಶಹಾಪುರ ತಾಲೂಕಿನೊಳಗೆ ಸಾಗುತ್ತದೆ. 1892ರಲ್ಲಿ ಕಟ್ಟಿದ ತಾನಸಾ ಜಲಾಶಯ, ಮುಂಬಯಿಯ ನೀರಿನಲ್ಲಿ ಅರ್ಧದಷ್ಟನ್ನು ಕೊಡುವ ಭಾತ್ಸಾ, ಎರಡೂ ಈ ತಾಲೂಕಿನವೇ. ಹದಿನೆಂಟನೇ ಮಹಡಿಯ ನಲ್ಲಿಯಲ್ಲಿ ಬರುವುದು ಇಲ್ಲಿ ಬಿದ್ದ ಮಳೆ. ಹೀಗಿದ್ದೂ ಏಪ್ರಿಲ್, ಮೇ ತಿಂಗಳಲ್ಲಿ ಇದೇ ತಾಲೂಕಿನ ಎಷ್ಟೋ ಹಾಡಿಗಳಿಗೆ ಟ್ಯಾಂಕರಿನಲ್ಲಿ ನೀರು ಹೋಗಬೇಕು. ತಲೆಯ ಮೇಲೆ ಎರಡೆರಡು ಕೊಡ ಹೊತ್ತ ಹೆಂಗಸರು ಬೇಸಗೆಯಲ್ಲಿ ಕಣ್ಣಿಗೆ ಬೀಳುತ್ತಾರೆ.

ಕಸಾರಾದಿಂದ ಇಗತಪುರಿ, ಘೋಟಿ ಹಾದು ಜೀಪಿನಲ್ಲಿ ಹೋದರೆ ಬಾರಿ ಎಂಬ ಹಳ್ಳಿ. ಅಕೋಲೆ ತಾಲೂಕಿನ ಈ ಭಾಗದಲ್ಲಿ ಮಹಾದೇವ ಕೋಳಿ ಸಮುದಾಯದವರೇ ಹೆಚ್ಚು. ಮುಂಬಯಿಯ ಕಡಲತೀರದ ಮೀನುಗಾರ ಕೋಳಿಗಳಿಗೂ ಇವರಿಗೂ ಹೆಸರಿನಲ್ಲಿ ಸಾಮ್ಯ; ಇವರ ಬದುಕು ಪೂರ್ತಿ ಬೆಟ್ಟದ್ದು. ಮಳೆಗಾಲದಲ್ಲಿ ಗದ್ದೆಯಲ್ಲಿ ಭತ್ತ, ಇಳಿಜಾರಿನಲ್ಲಿ ನಾಚಣಿ, ಅಂದರೆ ನಮ್ಮ ರಾಗಿ. ಕಾಡಿನಿಂದ ಅಳಲೆಕಾಯಿ ಆಯ್ದು ಮಾರುತ್ತಾರೆ. ಎಂಟು ವರ್ಷಕ್ಕೊಮ್ಮೆ ಹೂಬಿಡುವ ಕಾರ್ವಿಯ ಕಡ್ಡಿಗಳನ್ನು ಹೆಣೆದು, ಮಣ್ಣು ಮೆತ್ತಿ ಗೋಡೆ ಮಾಡುವುದು ಇಲ್ಲಿನ ಹಳೆಯ ರೂಢಿ.

ಮೊದಲ ಸಲ ಹತ್ತಿದಾಗ ನಮಗೆ ದಾರಿ ತೋರಿಸಿದವರು ಬಾರಿಯ ಒಬ್ಬ ಹೆಂಗಸು. ನಾವು ಕಬ್ಬಿಣದ ಏಣಿ ಹಿಡಿದು ಏದುಸಿರು ಬಿಡುತ್ತಿದ್ದರೆ ಅವರು ಸವೆದ ಚಪ್ಪಲಿಯಲ್ಲಿ ಸರಸರ ಏರುತ್ತ ಕಥೆ ಹೇಳಿದರು. ಕಳಸೂ ಎಂಬ ಕೋಳಿ ಹುಡುಗಿ ಪಾಟೀಲರ ಮನೆಯಲ್ಲಿ ಕೆಲಸಕ್ಕೆ ನಿಂತಳಂತೆ. ನಿಲ್ಲುವಾಗಲೇ ಕರಾರು: ಬೇರೆ ಯಾವ ಕೆಲಸವಾದರೂ ಸರಿ, ಪಾತ್ರೆ ತೊಳೆಯುವುದಿಲ್ಲ, ಕಸ ಗುಡಿಸುವುದಿಲ್ಲ. ಮನೆಯವರು ಒಪ್ಪಿದರು. ಒಂದು ದಿನ ನೆಂಟರಿಷ್ಟರು ತುಂಬಿದ್ದಾಗ ಕರಾರು ಮುರಿದು, ಪಾತ್ರೆ ತಿಕ್ಕು, ಕಸ ಗುಡಿಸು ಎಂದು ಒತ್ತಾಯಿಸಿದರು. ಕಳಸೂ ಮಾಡಿದಳು. ಆಮೇಲೆ ಮನೆಬಿಟ್ಟು ಬೆಟ್ಟ ಹತ್ತಿದವಳು ಇಳಿದು ಬರಲಿಲ್ಲ. ಪಾತ್ರೆ ತೊಳೆದ ಜಾಗ ಥಾಳೇಮೇಳ್, ಅವಳು ನೆಲೆನಿಂತದ್ದು ಶಿಖರ. ಹೇಳುವವರಿಗೆ ತಕ್ಕಂತೆ ಕಥೆ ಅಷ್ಟಿಷ್ಟು ಬದಲಾಗುತ್ತದೆ. ಕರಾರು ಮಾತ್ರ ಬದಲಾಗುವುದಿಲ್ಲ. ತುದಿಯಲ್ಲಿ ಅವಳ ಪುಟ್ಟ ಗುಡಿಯಿದೆ. ನವರಾತ್ರಿಯಲ್ಲಿ ಸುತ್ತಲಿನ ಹಳ್ಳಿಯವರೆಲ್ಲ ಹತ್ತಿ ಬರುತ್ತಾರೆ.

ಗಂಡನ ಮನೆ ತೊರೆದು ಹೊರಟ ಸಿರಿಯ ಪಾಡ್ದನ ಕೇಳಿ ಬೆಳೆದ ತುಳುನಾಡಿನವರಿಗೆ ಈ ಕಥೆಯ ಜಾಡು ಹೊಸದೇನಲ್ಲ. ಮಾತು ಮುರಿದ ಮನೆಯಲ್ಲಿ ನಿಲ್ಲದ ಹೆಣ್ಣು ನಮ್ಮಲ್ಲೂ ದೈವ. ಆದರೆ ನನ್ನನ್ನು ತಟ್ಟಿದ್ದು ಆ ಪಾತ್ರೆಗಳು. ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಪಾತ್ರೆ ತೊಳೆಯುವ ತೊಟ್ಟಿಗೆ ದೊಡ್ಡ ಜಾಗವಿದೆ. ನನ್ನ ದೊಡ್ಡಪ್ಪ 13ನೇ ವಯಸ್ಸಿನಲ್ಲಿ ಊರು ಬಿಟ್ಟು ಇಲ್ಲಿನ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯಲು ಸೇರಿದವರು. ಅವರಂಥ ನೂರಾರು ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ನಿದ್ದೆ ತಡೆದು ಓದಿ ಮೇಲೆ ಬಂದರು. ಸಮಾರಂಭಗಳಲ್ಲಿ ನಾವು ಆ ಸಾಧನೆಯನ್ನು ಹೊಗಳುತ್ತೇವೆ. ಹುಡುಗರಿಗೆ ಆಗ ಏನನಿಸಿತ್ತು ಎಂದು ಕೇಳುವವರು ಕಡಿಮೆ.

ದೊಡ್ಡಪ್ಪನಿಗೆ ಕಳಸೂವಿನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳ ಬಾಕಿ ಸಂಬಳ ಕೊಟ್ಟರಂತೆಯಾ?" ಎಂದು ಕೇಳಿದರು. ಕಥೆಯಲ್ಲಿ ಆ ವಿಷಯ ಬರುವುದಿಲ್ಲ ಎಂದೆ. "ಬರುವುದಿಲ್ಲ, ಗೊತ್ತು" ಎಂದು ಪೇಪರು ಎತ್ತಿಕೊಂಡರು. ಅರವತ್ತು ವರ್ಷದ ಹಿಂದಿನ ಆ ಹೋಟೆಲಿನ ಬಗ್ಗೆ ಅವರಾಡಿದ ಅತಿ ದೀರ್ಘ ಮಾತು ಅದೇ ಇರಬೇಕು.

ಅದೇ ಅಕೋಲೆ ಸೀಮೆಯ ದೇವಗಾಂವಿನ ರಾಘೋಜಿ ಭಾಂಗ್ರೆ ಸಾಲದ ಪತ್ರ ತೋರಿಸಿ ಹೊಲ ನುಂಗುತ್ತಿದ್ದ ಸಾಹುಕಾರರ ವಿರುದ್ಧ, ಅವರ ಬೆನ್ನಿಗಿದ್ದ ಕಂಪನಿ ಸರಕಾರದ ವಿರುದ್ಧ ಕೋಳಿಗಳನ್ನು ಕಟ್ಟಿಕೊಂಡು ಬಂಡೆದ್ದವನು. 1848ರ ಮೇ 2ರಂದು ಅವನನ್ನು ಗಲ್ಲಿಗೇರಿಸಿದ್ದು ನಮ್ಮ ಠಾಣೆಯ ಜೈಲಿನಲ್ಲಿ. ಆ ಜೈಲಿನ ಗೋಡೆಯ ಪಕ್ಕದಲ್ಲೇ ನಾನು ವರ್ಷಗಟ್ಟಲೆ ಓಡಾಡಿದ್ದೇನೆ. ಕಳಸೂ ಪುರಾಣ, ರಾಘೋಜಿ ಇತಿಹಾಸ. ಬೆಟ್ಟದವರು ಇಬ್ಬರನ್ನೂ ಒಂದೇ ಉಸಿರಿನಲ್ಲಿ ನೆನೆಯುತ್ತಾರೆ. ಇಷ್ಟರ ಮೇಲೆ ಬಗ್ಗುವುದಿಲ್ಲ ಎಂದವರು ಇಬ್ಬರೂ.

ಈಗ ವಾರಾಂತ್ಯಕ್ಕೆ ಕಳಸೂಬಾಯಿಯ ಮೇಲೆ ಜಾತ್ರೆಯಷ್ಟು ಜನ. ಬಾಟಲಿ, ಚಿಪ್ಸ್ ಪೊಟ್ಟಣ ಏಣಿಯ ಬುಡದಲ್ಲೇ ಬಿದ್ದಿರುತ್ತವೆ. ಕಸ ಗುಡಿಸೆನು ಎಂದವಳ ಅಂಗಳದಲ್ಲಿ ನಾವು ಬಿಟ್ಟುಬಂದದ್ದನ್ನು ಮತ್ತೆ ಬಾರಿಯ ಹುಡುಗಿಯರೇ ಆರಿಸಬೇಕು.

ಹೋಗುವುದಿದ್ದರೆ ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಫೆಬ್ರವರಿಯ ಒಳಗೆ ಹೋಗಿ. ಊರಿನವರನ್ನೇ ದಾರಿಗೆ ಕರೆದುಕೊಳ್ಳಿ, ಮಾತಾಡಿದಷ್ಟು ಹಣವನ್ನು ಚೌಕಾಸಿಯಿಲ್ಲದೆ ಕೊಡಿ. ನಿಮ್ಮ ಕಸ ನಿಮ್ಮ ಚೀಲದಲ್ಲೇ ವಾಪಸು ಬರಲಿ. ಇಳಿದು ಬಂದು ಅವರ ಮನೆಯಲ್ಲಿ ನಾಚಣಿ ಭಾಕರಿ ಉಂಡರೆ, ತಟ್ಟೆಯನ್ನು ನೀವೇ ತೊಳೆದಿಡಿ. ಮನೆಯವರು ಬೇಡ ಬೇಡ ಎನ್ನುತ್ತಾರೆ. ಕೇಳಬೇಡಿ.