ಕಿಟಕಿಯ ಬೆಳಕು

ತಮ್ಮನಿಗೆ ಕತ್ತಿನ ಕೆಳಗೆ ಸ್ವಾಧೀನವಿಲ್ಲ. ಅವನ ಕಾಗದ ಬರೆಯುತ್ತಿದ್ದವಳು ನಾನೇ. ತಲೆಯಾಡಿಸಿದತ್ತ ಕಂಪ್ಯೂಟರಿನ ಬಾಣ ಓಡಿಸುವ ‘ಇ-ವಯಾಕ್ಯಾಮ್’ ತಂತ್ರಾಂಶ ಉಚಿತವೆಂದು ತಿಳಿದು, ರಾಜಾಜಿನಗರದಿಂದ ಎಸ್.ಪಿ. ರಸ್ತೆಗೆ ಕ್ಯಾಮೆರಾ ತರಲು ಹೋದೆ.

ಅಂಗಡಿಯವನು ದುಬಾರಿಯದನ್ನೇ ಮುಂದಿಟ್ಟ. ಹೊರಡುವಾಗಲೇ ತಮ್ಮ ಹೇಳಿದ್ದ: “ಅಕ್ಕಾ, ನನ್ನ ಮುಖದ ಸುಕ್ಕು ಕಾಣಬೇಕಾಗಿಲ್ಲ. ಸೆಕೆಂಡಿಗೆ 30 ಚಿತ್ರ ತಪ್ಪದೆ ಹಿಡಿದರೆ ಸಾಕು.” ಸಾಧಾರಣದ್ದನ್ನೇ ತಂದೆ.

ಮನೆಯಲ್ಲಿ ಬಾಣ ನಡುಗಿತು. ತಪ್ಪು ಕ್ಯಾಮೆರಾದ್ದಲ್ಲ, ಅವನ ಬೆನ್ನ ಹಿಂದಿನ ಕಿಟಕಿಯದು. ಬೆಳಕು ಮುಖಕ್ಕೆ ಬೀಳುವಂತೆ ಕುರ್ಚಿ ತಿರುಗಿಸಿದೆ. ತೆರೆಯ ಮೇಲಿನ ಅಕ್ಷರದಲ್ಲಿ ಬಾಣ ಕ್ಷಣ ನಿಂತರೆ ಒತ್ತಿದಂತೆಯೇ. ಅರ್ಧ ಗಂಟೆ ಹೆಣಗಿ ಬರೆದ: ‘ಅಕ್ಕಾ, ಇನ್ನು ನನ್ನ ಕಾಗದ ನೀನು ಓದಬೇಡ.’

ಕೋಪ ಬರಲಿಲ್ಲ. ಬಾಗಿಲು ಮುಂದೆ ಮಾಡಿ ಹೊರಬಂದೆ.