ರಸಾಯನ ಶಾಸ್ತ್ರವೂ ದೋಸೆಯ ಹಿಟ್ಟೂ

ಒಂದೇ ಪುಸ್ತಕವನ್ನು ನಾಲ್ವರು ಹಂಚಿಕೊಂಡು, ರಾತ್ರಿ ಒಬ್ಬನ ಸರದಿ, ಮುಂಜಾನೆ ಇನ್ನೊಬ್ಬನ ಸರದಿ ಎಂದು ಓದಿದ ಕಾಲದ ಕಥೆಯನ್ನು ಅಜ್ಜಂದಿರು ಇಂದಿಗೂ ಮನೆಮನೆಗಳಲ್ಲಿ ಹೇಳುತ್ತಾರೆ. ಅಂದಿನದು ಪುಸ್ತಕವಿಲ್ಲದ ಬಡತನ. ಇಂದಿನ ವಿದ್ಯಾರ್ಥಿಯ ಸಂಕಟವೇ ಬೇರೆ. ಅಂತರ್ಜಾಲದಲ್ಲಿ ‘ರಸಾಯನ ಶಾಸ್ತ್ರ’ ಎಂದು ಬೆರಳಾಡಿಸಿದರೆ ಸಾಕು, ಪಾಠಗಳು ಆಷಾಢದ ಹೊಳೆಯಂತೆ ಉಕ್ಕಿ ಬರುತ್ತವೆ. ಅಷ್ಟು ನೀರಿನಲ್ಲಿ ಕುಡಿಯಲು ಯೋಗ್ಯವಾದ ಬೊಗಸೆ ಯಾವುದೆಂದು ದಡದಲ್ಲಿ ನಿಂತವರಿಗೆ ಹೇಳುವವರಿಲ್ಲ.

ಮೈಸೂರಿನ ಹಳೆಯ ಬಡಾವಣೆಯೊಂದರ ಹುಡುಗಿಯೊಬ್ಬಳ ಸಂಗತಿಯನ್ನೇ ನೋಡಬಹುದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕಗಳನ್ನೂ ಪಡೆದು, ಪಿಯುಸಿಯಲ್ಲಿ ವಿಜ್ಞಾನವನ್ನು ಆರಿಸಿಕೊಂಡವಳು ಅವಳು. ಕಾಲೇಜಿನ ಮೊದಲ ವಾರದಲ್ಲಿಯೇ ಅವಳ ಹಳೆಯ ಸ್ನೇಹಿತರೆಲ್ಲ ವೇಷ ಮರೆಸಿಕೊಂಡರು. ಧಾತುವು ಎಲಿಮೆಂಟ್ ಆಯಿತು; ಅಣುವು ಮಾಲಿಕ್ಯೂಲ್ ಆಯಿತು; ಪ್ರತ್ಯಾಮ್ಲ ಬೇಸ್ ಆಯಿತು; ಉತ್ಕರ್ಷಣವಂತೂ ಆಕ್ಸಿಡೇಷನ್ ಎಂಬ ಹೆಸರಿನಲ್ಲಿ ಎದುರಿಗೇ ಹಾದುಹೋದರೂ ಗುರುತು ಸಿಗಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ 30ಕ್ಕೆ 7 ಅಂಕಗಳು ಬಂದವು.

“ಅಪ್ಪಾ, ನನ್ನನ್ನು ಕಾಮರ್ಸಿಗೆ ಬದಲಾಯಿಸಿಬಿಡಿ,” ಎಂದಳು.

ಸಹಕಾರ ಸಂಘವೊಂದರಲ್ಲಿ ಗುಮಾಸ್ತರಾದ ತಂದೆ ಒಡನೆ ಉತ್ತರ ಕೊಡಲಿಲ್ಲ. ಟ್ಯೂಷನ್ನಿಗೆ ಸೇರಿಸೋಣವೆಂದರೆ ಅದರ ಶುಲ್ಕ ಅವರ ಎರಡು ತಿಂಗಳ ಸಂಬಳ. ವಿಷಯ ಬದಲಾಯಿಸಲು ತಿಂಗಳ ಕೊನೆಯವರೆಗೆ ಅವಕಾಶವಿದೆಯೆಂದು ಕಾಲೇಜಿನಲ್ಲಿ ವಿಚಾರಿಸಿ ಬಂದರು. ಅರ್ಜಿಯ ನಮೂನೆಯನ್ನೂ ತಂದು ಪಂಚಾಂಗದ ಕೆಳಗೆ ಇರಿಸಿದರು.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಸೋದರತ್ತೆಯ ಮಗನಿಗೆ ಈ ಸುದ್ದಿ ಮುಟ್ಟಿತು. ಧಾರಾಳಿಯಾದ ಆತ ಒಂದೇ ಸಂಜೆಯಲ್ಲಿ 40 ಕೊಂಡಿಗಳನ್ನು ವಾಟ್ಸ್ಆ್ಯಪಿನಲ್ಲಿ ಕಳುಹಿಸಿದ. ದಾನಿಗೇನೋ ತೃಪ್ತಿಯಾಯಿತು. ಪಾಪ, ಹುಡುಗಿ ಎಲ್ಲಿಂದ ತೊಡಗಬೇಕು? ಹೈಡ್ರೋಜನ್ ಎಂಬ ಹೆಸರೊಂದು ಎರಡೂ ಭಾಷೆಗಳಲ್ಲಿ ಒಂದೇ ಆಗಿದ್ದುದರಿಂದ ಆ ಪಾಠವನ್ನೇ ಹಿಡಿದು, ನಾಲ್ಕು ರಾತ್ರಿ ಕುಳಿತು ನೋಡಿ, ಟಿಪ್ಪಣಿ ಬರೆದಳು. ಐದನೆಯ ದಿನ ತಿಳಿಯಿತು, ತನ್ನ ಪಠ್ಯದಲ್ಲಿ ಆ ಅಧ್ಯಾಯವೇ ಇಲ್ಲವೆಂದು. 2022ರಲ್ಲಿ ಎನ್‌ಸಿಇಆರ್‌ಟಿಯು ಪಠ್ಯದ ಭಾರವನ್ನು ಇಳಿಸಿದಾಗ ಹನ್ನೊಂದನೆಯ ತರಗತಿಯ ಪುಸ್ತಕದಿಂದ ಹೈಡ್ರೋಜನ್ನಿನ ಅಧ್ಯಾಯವೂ, ಪರಿಸರ ರಸಾಯನದ ಅಧ್ಯಾಯವೂ, ಬೇರೆ ಕೆಲವೂ ಹೊರಬಿದ್ದವು. ಪುಸ್ತಕವನ್ನು ಪರಿಷ್ಕರಿಸಬಹುದು; ಹಿಂದೆಂದೋ ಹಾಕಿದ ವಿಡಿಯೊಗಳನ್ನು ಹಿಂದಕ್ಕೆ ಕರೆಯುವವರು ಯಾರು?

ಮೋಲ್ ಎಂಬುದು ಇನ್ನೂ ಕಾಡಿತು. ಹನ್ನೆರಡು ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳಷ್ಟು ಕಣಗಳು ಎಂದು ಒಂದು ತಾಣ ಹೇಳಿತು. ಅದೊಂದು ನಿಗದಿಯಾದ ಸಂಖ್ಯೆ, ಅಷ್ಟೇ ಎಂದು ಇನ್ನೊಂದು ಹೇಳಿತು. ತನ್ನ ಬುದ್ಧಿಯೇ ಮಂದವೆಂದು ಅವಳು ಅತ್ತುಬಿಟ್ಟಳು. ವಾಸ್ತವದಲ್ಲಿ ಮೊದಲನೆಯದು ಹಳೆಯ ವ್ಯಾಖ್ಯೆ. 2019ರ ಮೇ ತಿಂಗಳಿನಿಂದ ಜಗತ್ತಿಗೆಲ್ಲ ಎರಡನೆಯದೇ ವಿಧಿ. ಇದನ್ನು ಅವಳಿಗೆ ಒಂದು ಮಾತಿನಲ್ಲಿ ಹೇಳಬಲ್ಲವರು ಆ ನಲವತ್ತರಲ್ಲಿ ಒಬ್ಬರೂ ಇರಲಿಲ್ಲ.

ಒಂದು ಭಾನುವಾರ ದೇವರಾಜ ಮಾರುಕಟ್ಟೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಎದುರಾದರು. ಎಲೆಕೋಸನ್ನು ಚೀಲಕ್ಕೆ ಇಳಿಸುತ್ತಲೇ ಕಥೆಯನ್ನೆಲ್ಲ ಕೇಳಿದರು.

“ಆ ನಲವತ್ತನ್ನೂ ಅಳಿಸಿಬಿಡಮ್ಮ. ನಿನಗೆ ಹೇಳುವಂಥದ್ದು ಬೇಡ. ನಿನ್ನನ್ನು ಕೇಳುವಂಥದ್ದು ಯಾವುದಾದರೂ ಇದ್ದರೆ ಅದನ್ನು ಇಟ್ಟುಕೊ.”

ಮೇಷ್ಟ್ರು ಹೇಳಿದ್ದು ಮೂರು. ಎನ್‌ಸಿಇಆರ್‌ಟಿಯ ಪುಸ್ತಕ, ಅದು ಆ ಸಂಸ್ಥೆಯ ತಾಣದಲ್ಲಿಯೇ ಉಚಿತವಾಗಿ ದೊರೆಯುತ್ತದೆ. ಎರಡು ಅಂಕಣಗಳ ಒಂದು ನೋಟ್‌ಬುಕ್ಕು. ಎಡಕ್ಕೆ ಕನ್ನಡದ ಶಬ್ದ, ಬಲಕ್ಕೆ ಇಂಗ್ಲಿಷಿನದು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದಾಗ ಇಂಗ್ಲಿಷಿನ ಶಬ್ದಕ್ಕೆ ಕನ್ನಡವನ್ನು ಹುಡುಕಿ ಬೆವರಿದರು. ನೂರು ವರ್ಷಗಳ ಮೇಲೆ ಈ ಹುಡುಗಿ ಅದೇ ಸೇತುವೆಯನ್ನು ಎದುರು ದಿಕ್ಕಿನಿಂದ ದಾಟಬೇಕಾಗಿ ಬಂದುದು ವಿಚಿತ್ರವಲ್ಲವೆ! ಮೂರನೆಯದು ‘ಫೆಟ್’. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ನರು ಮರುವರ್ಷ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ತಾಣ ಅದು. ಅಲ್ಲಿ ಭಾಷಣವಿಲ್ಲ. ಗುಂಡಿ ತಿರುಗಿಸಬೇಕು, ಸಂಖ್ಯೆ ಏರಿಸಬೇಕು, ಏನಾಗುವುದೆಂದು ಮೊದಲೇ ಊಹಿಸಬೇಕು. ಅಲ್ಲಿಯ ಕೆಲವು ಪ್ರಯೋಗಗಳು ಕನ್ನಡದಲ್ಲಿಯೂ ಉಂಟು. ದುಡ್ಡಿನ ಮಾತಿಲ್ಲ.

ಅವಳು ತೆರೆದ ಪ್ರಯೋಗದಲ್ಲಿ ಪ್ರತಿವರ್ತಕಗಳ ಬದಲು ಮೊದಲಿಗೆ ಕಂಡದ್ದು ಬ್ರೆಡ್ಡು ಮತ್ತು ಚೀಸು! ಎರಡು ತುಂಡು ಬ್ರೆಡ್ಡು, ಒಂದು ಚೀಸು. ಆಗ ಒಂದು ಸ್ಯಾಂಡ್‌ವಿಚ್ಚು. ಮೂರು ಬ್ರೆಡ್ಡು, ಮೂರು ಚೀಸು ಕೊಟ್ಟರೆ? ಆಗಲೂ ಒಂದೇ, ಒಂದು ಬ್ರೆಡ್ಡು, ಎರಡು ಚೀಸು ಉಳಿಯಿತು. ಒಲೆಯ ಮುಂದಿನಿಂದ ಇಣುಕಿದ ತಾಯಿ ನಕ್ಕರು.

“ಇದಕ್ಕೆ ಕಾಲೇಜು ಬೇಕೇನೆ? ಅಕ್ಕಿ ಡಬ್ಬಿ ತುಂಬ ಇದ್ದರೇನು, ಉದ್ದು ಮುಗಿದ ದಿನ ದೋಸೆಯೂ ಮುಗಿಯಿತು.”

ಮೊದಲು ಮುಗಿಯುವುದೇ ಎಷ್ಟಾಗಬೇಕೆಂಬುದನ್ನು ಗೊತ್ತುಮಾಡುತ್ತದೆಂಬ ತತ್ತ್ವವನ್ನು ವಿಡಿಯೊದವರು ಮೂರು ಬಾರಿ ಹೇಳಿದ್ದರು. ಅದು ಅರ್ಥವಾದದ್ದು ಉದ್ದಿನ ಡಬ್ಬಿಯಿಂದ. ಆದರೆ ತಾಯಿಯ ದೋಸೆಯೂ ದಾಟಿಸದ ಹಳ್ಳವೊಂದಿತ್ತು. ಮುಂದಿನ ಪರದೆಯಲ್ಲಿ ಮೂರು ಹೈಡ್ರೋಜನ್ ಅಣುಗಳು, ಮೂರು ಆಕ್ಸಿಜನ್ ಅಣುಗಳು. ನೀರಿನ ಅಣು ಎಷ್ಟು? ಸ್ಯಾಂಡ್‌ವಿಚ್ಚಿನ ಲೆಕ್ಕದಲ್ಲಿ ಒಂದು ಎಂದು ಬರೆದಳು. ತಪ್ಪಾಯಿತು. ಮತ್ತೆ ಒಂದು ಎಂದಳು, ಮತ್ತೆ ತಪ್ಪು. ಮೂರನೆಯ ಬಾರಿ ಚಿತ್ರವನ್ನು ನಿಟ್ಟಿಸಿ ಪರಮಾಣುಗಳನ್ನು ಬೆರಳಿನಿಂದ ಎಣಿಸಿದಳು. ಆಕ್ಸಿಜನ್ನಿನ ಒಂದು ಅಣುವಿನಲ್ಲಿ ಪರಮಾಣುಗಳು ಎರಡು. ಅದು ಒಡೆದು ಎರಡು ನೀರಿನ ಅಣುಗಳಿಗೆ ಹಂಚಿಹೋಗುತ್ತದೆ. ಚೀಸಿನ ತುಂಡು ಹಾಗೆ ಒಡೆಯುವುದಿಲ್ಲ. ಉತ್ತರ ಎರಡು, ಉಳಿದದ್ದು ಒಂದು ಹೈಡ್ರೋಜನ್ ಅಣು, ಎರಡು ಆಕ್ಸಿಜನ್ ಅಣುಗಳು. ಅಂದು ಅವಳು ಊಟಕ್ಕೆ ಎದ್ದದ್ದು ಒಂಬತ್ತೂವರೆಗೆ.

ಇದರಿಂದ ನೋಡುವ ಪಾಠಗಳೆಲ್ಲ ನಿಷ್ಪ್ರಯೋಜಕವೆಂದು ತಿಳಿಯಬಾರದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2008ರಿಂದ ಒಂದೊಂದು ಧಾತುವಿಗೂ ಒಂದೊಂದು ಚಿತ್ರ ಮಾಡಿದ್ದಾರೆ. ಕೆದರಿದ ಬಿಳಿಗೂದಲಿನ ಮಾರ್ಟಿನ್ ಪೊಲಿಯಾಕಾಫ್ ಎಂಬ ಪ್ರಾಧ್ಯಾಪಕರು ಅದರಲ್ಲಿ ಮಾತನಾಡುವುದನ್ನು ಕಂಡರೆ ಅಜ್ಜಿಯರೂ ಕುಳಿತು ನೋಡಿಯಾರು. ಪರೀಕ್ಷೆಗೆ ಅದರಿಂದ ಅಂಕ ಬರುವುದೋ ಇಲ್ಲವೋ, ಅಕ್ಕರೆಯಂತೂ ಬರುತ್ತದೆ. ಅಮೃತ ವಿಶ್ವವಿದ್ಯಾಪೀಠವೂ ಸಿ-ಡ್ಯಾಕ್ ಸಂಸ್ಥೆಯೂ ಸೇರಿ ಕಟ್ಟಿದ ‘ಓಲ್ಯಾಬ್ಸ್’ ತಾಣದಲ್ಲಿ ಬ್ಯುರೆಟ್ಟಿನಿಂದ ಹನಿ ಹನಿ ಬಿಟ್ಟು ನೋಡಬಹುದು. ಆದರೆ ಅಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟು ಬೆರಳಿಗೆ ಕಂದು ಕಲೆ ಹಚ್ಚುವುದಿಲ್ಲ. ಆ ಕಲೆಯಿಂದ ಕಲಿಯುವ ಜಾಗರೂಕತೆಗೆ ಕಾಲೇಜಿನ ಪ್ರಯೋಗಶಾಲೆಯೇ ಆಗಬೇಕು.

ತಂದೆತಾಯಿಗಳ ಕಿವಿಗೆ ಒಂದು ಮಾತು: ಬೆರಗು ಹುಟ್ಟಿಸುವ ಪ್ರಯೋಗಗಳನ್ನು ಮಕ್ಕಳು ಬಚ್ಚಲಿನಲ್ಲಿ ಅನುಕರಿಸದಂತೆ ಕಣ್ಣಿಟ್ಟಿರಬೇಕು. ಬ್ಲೀಚಿಂಗ್ ಪುಡಿಗೆ ಬಚ್ಚಲು ತೊಳೆಯುವ ಆ್ಯಸಿಡ್ ಬಿದ್ದರೆ ಏಳುವುದು ಕ್ಲೋರೀನ್ ಎಂಬ ವಿಷವಾಯು.

ತಾಣವು ಹಳತೋ ಹೊಸತೋ ಎಂದು ಅರಿಯಲು ಹುಡುಗಿ ತಾನೇ ಒಂದು ಉಪಾಯ ಕಂಡುಕೊಂಡಳು. ಆವರ್ತ ಕೋಷ್ಟಕದ ಕಡೆಯ ಮನೆಯನ್ನು ನೋಡುವುದು. 118ನೆಯ ಧಾತುವಿಗೆ ಒಗನೆಸ್ಸನ್ ಎಂಬ ಹೆಸರು ನಿಶ್ಚಯವಾದದ್ದು 2016ರಲ್ಲಿ. ಆ ಮನೆ ಖಾಲಿಯಿದ್ದರೆ ಪುಟ ಅದಕ್ಕಿಂತ ಹಿಂದಿನದು. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರಿಸುವ ಕೃತಕ ಬುದ್ಧಿಯ ಯಂತ್ರವನ್ನೂ ಅವಳು ಬಿಡಲಿಲ್ಲ. ಅದು ಬರೆದ ಸಮೀಕರಣದ ಎರಡು ಬದಿಯ ಪರಮಾಣುಗಳನ್ನು ಎಣಿಸುತ್ತಾಳೆ. ಲೆಕ್ಕ ತಪ್ಪಿದ್ದರೆ ಅದಕ್ಕೇ ತಿಳಿಸುತ್ತಾಳೆ. ಅದು ಬಹು ವಿನಯದಿಂದ ಕ್ಷಮೆ ಕೇಳುತ್ತದಂತೆ!

ತಿಂಗಳು ಮುಗಿಯಿತು. ಪಂಚಾಂಗದ ಕೆಳಗಿನ ಅರ್ಜಿಯನ್ನು ಯಾರೂ ತೆಗೆಯಲಿಲ್ಲ. ಎರಡನೆಯ ಕಿರುಪರೀಕ್ಷೆಯಲ್ಲಿ 30ಕ್ಕೆ 16 ಬಂದವು; ಅದೇನೂ ಹಬ್ಬ ಮಾಡುವ ಅಂಕವಲ್ಲ, ತಂದೆಯ ಮುಖದ ಗೆರೆಗಳೂ ಪೂರ್ತಿ ಮಾಯವಾಗಲಿಲ್ಲ. ಎರಡು ಅಂಕಣಗಳ ನೋಟ್‌ಬುಕ್ಕಿನಲ್ಲಿ ಇನ್ನೂರು ಶಬ್ದಗಳು ತುಂಬಿದ ದಿನ, ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರುತ್ತಿದ್ದ, ನಂಜನಗೂಡಿನಿಂದ ಬರುವ ಇನ್ನೊಬ್ಬಳು ಒಂದು ರಾತ್ರಿಗೆಂದು ಅದನ್ನು ಬೇಡಿ ಪಡೆದಳು. ಹದಿನೈದು ದಿನಗಳಾದುವು, ಇನ್ನೂ ಹಿಂದಿರುಗಿಸಿಲ್ಲ.